ದೆಲ್ಫೀನಾ ಮುಂದೆ, ನೆಲ್ಲೊ ಹಿಂದೆ

ಫೆಬ್ರವರಿಯ ಒಂದು ಮಂಗಳವಾರ ಬೆಳಿಗ್ಗೆ ನಾನು ಸೈಕಲ್ ಅಂಗಡಿ ತೆಗೆಯಲು ಬಂದಾಗ ದೆಲ್ಫೀನತ್ತೆ ಮೆಟ್ಟಿಲ ಮೇಲೆ ಕೂತಿದ್ದಳು. ತಲೆಗೆ ಉಣ್ಣೆಯ ವಸ್ತ್ರ, ಕಾಲಿಗೆ ಗಂಡನ ಹಳೆಯ ಪ್ಯಾಂಟು. ಅವಳನ್ನು ಪ್ಯಾಂಟಿನಲ್ಲಿ ನಾನು ಯಾವತ್ತೂ ನೋಡಿರಲಿಲ್ಲ.

"ನೀವೆಸ್, ನಂಗೆ ಸೈಕಲ್ ಕಲಿಸ್ಬೇಕು ನೀನು," ಎಂದಳು.

ಅವಳಿಗೆ ಅರವತ್ತೆಂಟು ವರ್ಷ. ನನಗೂ ಅವಳಿಗೂ ರಕ್ತಸಂಬಂಧವಿಲ್ಲ. ಎದುರು ಮನೆಯವಳು, ಚಿಕ್ಕಂದಿನಿಂದ ಅತ್ತೆ ಎಂದು ಕರೆದು ಅಭ್ಯಾಸ. ಅವಳ ಗಂಡ ನೆಲ್ಲೊ ಮಾವ ಊರಿನ ಎಣ್ಣೆ ಗಾಣದಲ್ಲಿ ದುಡಿದವನು. ಚಳಿಗಾಲದಲ್ಲಿ ಆಲಿವ್ ಅರೆಯುವುದು, ಉಳಿದಂತೆ ಮರಗಳ ಆರೈಕೆ, ಭಾನುವಾರ ಬಂತೆಂದರೆ ಸೈಕಲ್. ಒಮ್ಮೊಮ್ಮೆ ಗೆಳೆಯರ ಜೊತೆ, ಹೆಚ್ಚಾಗಿ ಒಬ್ಬನೇ. ಕಾರುಗಳು ಕಾಲಿಡದ ಬಿಳಿ ಜಲ್ಲಿಯ ದಾರಿಗಳಲ್ಲಿ, ಆಲಿವ್ ತೋಟ ದಾಟಿ, ಕಣಿವೆ ಇಳಿದು, ಆಚೆಯ ದ್ರಾಕ್ಷಿ ಗುಡ್ಡಗಳನ್ನು ಹತ್ತಿ ಸಂಜೆಗೆ ಮನೆ ಸೇರುತ್ತಿದ್ದ. ನಲವತ್ತು ವರ್ಷ ಹೀಗೇ ನಡೆಯಿತು. ಆಮೇಲೆ ಗ್ಲಾಕೋಮಾ ಬಂದು ಎರಡೂ ಕಣ್ಣುಗಳನ್ನು ಕಿತ್ತುಕೊಂಡಿತು. ನಾಲ್ಕು ವರ್ಷದ ಹಿಂದೆ ತನ್ನ ಸೈಕಲ್ಲನ್ನು ನನ್ನ ಗೋಡೆಗೆ ಒರಗಿಸಿ, "ಯಾರಿಗಾದ್ರೂ ಕೊಟ್ಬಿಡು" ಎಂದು ಹೋದವನು ಮತ್ತೆ ಈ ಕಡೆ ಸುಳಿದಿರಲಿಲ್ಲ.

"ಈಗ ಯಾಕತ್ತೆ ಸೈಕಲ್ಲು?" ಎಂದು ಕೇಳಿದೆ.

ಅತ್ತೆ ಅಂಗಡಿಯ ಮೂಲೆಯತ್ತ ಕೈ ತೋರಿಸಿದಳು. ಪ್ರವಾಸಿಗರಿಗೆಂದು ನಾನು ಇಟ್ಟುಕೊಂಡಿದ್ದ ಎರಡು ಸೀಟಿನ ಸೈಕಲ್ ಅಲ್ಲಿತ್ತು. "ಅದಕ್ಕೇ," ಎಂದಳು. "ಭಾನುವಾರ ಎಂಟು ಗಂಟೆಗೆ ಅವನ ಗೆಳೆಯರು ನಮ್ಮ ಕಿಟಕಿ ಕೆಳಗೆ ಹೋಗ್ತಾರೆ. ಚಕ್ರದ ಟಿಕಟಿಕ ಕೇಳಿದ ತಕ್ಷಣ ಇವನು ರೇಡಿಯೋ ಜೋರು ಮಾಡ್ತಾನೆ. ಪ್ರತಿ ವಾರಾನೂ. ನಾನು ಒಲೆ ಮುಂದೆ ನಿಂತು ಅದನ್ನ ಕೇಳಿಸ್ಕೋಬೇಕು. ಸಾಕಾಯ್ತು ಕಣೇ ನಂಗೆ."

ಮಾರನೆಯ ದಿನದಿಂದಲೇ ಶುರುವಾಯಿತು. ಗಂಡನಿಗೆ ಇಗರ್ಜಿಯ ಕಸ ಗುಡಿಸಲು ಹೋಗುತ್ತೇನೆಂದು ಹೇಳಿ ಅತ್ತೆ ಬರುತ್ತಿದ್ದಳು. ಹೊಳೆಯ ದಂಡೆಯ ಸಪಾಟು ದಾರಿಯಲ್ಲಿ ನಾನು ಸಣ್ಣ ಸೈಕಲ್ಲೊಂದರ ಸೀಟು ಹಿಡಿದು ಹಿಂದೆ ಓಡುತ್ತಿದ್ದೆ. ಮೊದಲ ವಾರ ಅವಳು ಪೆಡಲ್ ತುಳಿದದ್ದಕ್ಕಿಂತ ಬಿದ್ದದ್ದೇ ಹೆಚ್ಚು. ದಂಡೆಯ ಕಾಫಿ ಅಂಗಡಿಯ ಮುಂದೆ ಕೂರುತ್ತಿದ್ದ ಗಾಸ್ಪರೆ, ಮಾವನ ಜೊತೆ ಗಾಣದಲ್ಲಿದ್ದವನು, ಒಂದು ದಿನ ಕೂಗಿದ: "ಏನ್ ದೆಲ್ಫೀನಾ, ಈ ಸಲ ರೇಸಿಗೆ ಹೆಸರು ಕೊಟ್ಟಿದೀಯಂತೆ?"

"ಹೂಂ, ಕೊಟ್ಟಿದೀನಿ. ನೀನೂ ಬಾ, ಮೊದಲು ನಿನ್ನ ಹಲ್ಸೆಟ್ಟು ಎಲ್ಲಿಟ್ಟಿದೀಯ ಹುಡುಕ್ಕೊ!"

ಹಾಗೆ ಕೂಗಿದ ಭರದಲ್ಲಿ ಅವಳು ನನ್ನ ಕೈ ತಪ್ಪಿ ಮೂವತ್ತು ಮಾರು ಒಬ್ಬಳೇ ಹೋಗಿಬಿಟ್ಟಳು. ತಿರುಗಿ ನೋಡಿ, ಹಿಂದೆ ನಾನಿಲ್ಲದ್ದು ಕಂಡು ಬಿದ್ದಳು. ಎದ್ದವಳ ಮುಖ ನೋಡಬೇಕಿತ್ತು. ಮಾರ್ಚ್ ಮುಗಿಯುವ ಹೊತ್ತಿಗೆ ಎರಡು ಸೀಟಿನದರ ಮುಂದೆ ಅವಳು, ಹಿಂದೆ ನಾನು, ಹೊಳೆಯುದ್ದಕ್ಕೂ ಹೋಗಿ ಬರುವಂತಾಯಿತು.

ಏಪ್ರಿಲ್ ಕೊನೆಯ ಶನಿವಾರ ಆ ಸೈಕಲ್ಲನ್ನು ಅವರ ಬಾಗಿಲಿಗೆ ಒಯ್ದೆವು. ಮಾವ ಅಡುಗೆಮನೆಯಲ್ಲಿ ಕೂತು ಅವರೆಯಂಥ ಫಾವಾ ಕಾಯಿ ಸುಲಿಯುತ್ತಿದ್ದ. ಅತ್ತೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ಮಾವನ ಕೈ ನಿಲ್ಲಲಿಲ್ಲ.

"ಗೊತ್ತಿತ್ತು," ಎಂದ. "ನಿನ್ನ ಕೈಯಲ್ಲಿ ಚೈನಿನ ಎಣ್ಣೆ ವಾಸನೆ, ಮಂಡೀಲಿ ಮುಲಾಮಿನ ವಾಸನೆ. ಮೆಟ್ಟಿಲ ಮೇಲಿಂದ ಬಿದ್ದೆ ಅಂತ ಐದು ಸಲ ಹೇಳಿದೀಯ. ನಮ್ಮನೇಲಿ ಇರೋದೇ ಮೂರು ಮೆಟ್ಟಿಲು."

"ಗೊತ್ತಿದ್ದೂ ಬಾಯಿ ಬಿಡ್ಲಿಲ್ವಾ?"

"ನಿಂಗೇ ಸಾಕಾಗಿ ಬಿಟ್ಬಿಡ್ತೀಯ ಅಂದ್ಕೊಂಡಿದ್ದೆ. ನಾನು ಬರಲ್ಲ ದೆಲ್ಫೀನಾ."

"ಯಾಕೆ? ಹೆಂಡತಿ ಹಿಂದೆ ಕೂರೋಕೆ ನಾಚಿಕೇನಾ?"

ಮಾವ ಕಾಳಿನ ಬಟ್ಟಲನ್ನು ಪಕ್ಕಕ್ಕೆ ಸರಿಸಿ ಮೆಲ್ಲಗೆ ಹೇಳಿದ: "ದಾರೀಲಿ ನಿಂಗೇನಾದ್ರೂ ಆದ್ರೆ ನಂಗೆ ಕಾಣಲ್ಲ."

ಅತ್ತೆ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಕಾಣದಿದ್ರೆ ಕೇಳ್ಸುತ್ತೆ. ನಾನು ಬಿದ್ರೆ ಸುಮ್ನೆ ಬೀಳೋಳಲ್ಲ, ಊರಿಗೆಲ್ಲ ಕೇಳ್ಸೋ ಹಾಗೆ ಕಿರುಚ್ತೀನಿ. ಬರ್ದಿದ್ರೆ ಬಿಡು, ಗಾಸ್ಪರೇನ ಹಿಂದೆ ಕೂರಿಸ್ಕೊಂಡು ಹೋಗ್ತೀನಿ."

"ಆ ಬಡ್ಡೀಮಗನಿಗೆ ಗೇರು ಅಂದ್ರೆ ಏನೂಂತಾನೇ ಗೊತ್ತಿಲ್ಲ."

"ಗೊತ್ತಿರೋನು ಬಾ ಹಾಗಾದ್ರೆ."

ಮೇ ತಿಂಗಳ ಮೊದಲ ವಾರ ಮೂವರೂ ಹೊರಟೆವು. ಮೂರು ದಿನದ ಸುತ್ತು: ಮೊದಲ ದಿನ ಕಣಿವೆಯಲ್ಲೇ ಬೆವಾನ್ಯಾವರೆಗೆ, ಎರಡನೆಯ ದಿನ ದ್ರಾಕ್ಷಿ ಗುಡ್ಡ ಹತ್ತಿ ಮೊಂತೆಫಾಲ್ಕೊಗೆ, ಮೂರನೆಯ ದಿನ ಮನೆಗೆ. ನಾನು ನನ್ನ ಸೈಕಲ್ಲಿನಲ್ಲಿ ಹಿಂದೆ, ಬುತ್ತಿಯ ಚೀಲಗಳೊಂದಿಗೆ.

ಮೊದಲ ದಿನವಿಡೀ ಜಗಳವೇ. ಬಾರ್ಲಿ ಹೊಲಗಳ ನಡುವಿನ ಸಪಾಟು ದಾರಿ, ಎರಡೂ ಬದಿ ಕೆಂಪು ಗಸಗಸೆ ಹೂ, ನರಪಿಳ್ಳೆಯಿಲ್ಲ. ಇವರಿಬ್ಬರ ದನಿ ಮಾತ್ರ. ಮಾವ ಹಿಂದಿನಿಂದ ಜೋರಾಗಿ ತುಳಿದರೆ ಅತ್ತೆ ಹೆದರಿ ಬ್ರೇಕ್ ಹಿಡಿಯುವಳು.

"ಬ್ರೇಕ್ ಯಾಕೆ ಹಿಡೀತೀಯೇ? ಇಲ್ಲಿ ಇಳಿಜಾರೇ ಇಲ್ಲ!"

"ನಂಗೆ ಕಾಣುತ್ತೆ, ನಿಂಗೆ ಕಾಣಲ್ಲ. ಸುಮ್ನೆ ತುಳಿ ಮಾರಾಯ."

ಬೆವಾನ್ಯಾ ಮುಟ್ಟಿದಾಗ ಇಬ್ಬರೂ ಮಾತು ಬಿಟ್ಟಿದ್ದರು. ಅಲ್ಲಿನ ಹೋಟೆಲಿನಲ್ಲಿ ಮಾವನ ತಟ್ಟೆಯ ಮಾಂಸವನ್ನು ಅತ್ತೆ ತುಂಡು ಮಾಡಿಕೊಟ್ಟಳು, ಮಾವ ಅವಳ ಲೋಟಕ್ಕೆ ಬೆರಳದ್ದಿ ಅಳತೆ ನೋಡಿ ವೈನು ಸುರಿದ.

ಮರುದಿನ ಏರು ಶುರುವಾದಾಗ ಲೆಕ್ಕ ತಿರುಗಿತು. ಮೊದಲ ತಿರುವಿನಲ್ಲೇ ಅತ್ತೆಗೆ ಏದುಸಿರು ಬಂತು, ಇಳಿಯುತ್ತೇನೆ ಎಂದಳು.

"ಇಳೀಬೇಡ. ಗೇರು ಇನ್ನೂ ಎರಡು ಕೆಳಗೆ ಹಾಕು. ಹಾಂ. ಈಗ ನನ್ನ ಕಾಲಿಗೆ ನಿನ್ನ ಕಾಲು ಕೊಡು, ನೀನಾಗಿ ತುಳೀಬೇಡ. ಮುಂದೆ ಬಲಕ್ಕೆ ಒಂದು ಬಾವಿ ಬರುತ್ತೆ, ಅಲ್ಲೀವರೆಗೆ ಮಾತ್ರ."

ಬಾವಿ ಬಂತು. "ಇದೆ!" ಎಂದಳು ಅತ್ತೆ, ತಾನೇ ಅದನ್ನು ಅಲ್ಲಿ ಇಟ್ಟವಳ ಹಾಗೆ.

"ಈಗ ಸಪಾಟು, ಉಸಿರು ತಗೊ. ಆಮೇಲೆ ಇನ್ನೊಂದೇ ತಿರುವು."

ಹೀಗೆ ಗುಡ್ಡವನ್ನು ತುಂಡು ತುಂಡು ಮಾಡಿ ಮಾವ ಅವಳ ಕೈಗೆ ಕೊಡುತ್ತಾ ಹೋದ. ಅವನ ಬೆನ್ನು ನೆಟ್ಟಗಾಗಿತ್ತು. ಈ ನಾಲ್ಕು ವರ್ಷದಲ್ಲಿ ಅವನು ಯಾರಿಗಾದರೂ ಏನಾದರೂ ಹೇಳಿಕೊಟ್ಟದ್ದನ್ನು ನಾನು ಕಂಡಿರಲಿಲ್ಲ.

ಹನ್ನೊಂದರ ಸುಮಾರಿಗೆ ದಾರಿ ಕವಲೊಡೆಯಿತು. ನನ್ನ ನಕ್ಷೆ ಬಲಕ್ಕೆ ಎನ್ನುತ್ತಿತ್ತು.

"ಎಡಕ್ಕೆ," ಎಂದ ಮಾವ. "ಬಲಕ್ಕೆ ಹೋದ್ರೆ ಡಾಂಬರು, ಕಾರುಗಳ ಗಲಾಟೆ. ಎಡಗಡೆದು ನೇರ ತುದೀಗೆ ಹತ್ಸುತ್ತೆ."

"ಮಾವ, ನಕ್ಷೇಲಿ ಎಡಕ್ಕೆ ದಾರೀನೇ ಇಲ್ಲ," ಎಂದೆ.

"ನಕ್ಷೆ ಮಾಡಿದೋನು ಇಲ್ಲಿಗೆ ಬಂದಿದ್ನಾ?"

ಅತ್ತೆ ನನ್ನನ್ನೊಮ್ಮೆ ನೋಡಿ, ಹ್ಯಾಂಡಲನ್ನು ಎಡಕ್ಕೆ ತಿರುಗಿಸಿದಳು.

ಅರ್ಧ ಗಂಟೆ ಏರಿದೆವು. ದಾರಿ ಕಿರಿದಾಗುತ್ತಾ, ಹುಲ್ಲು ಎತ್ತರವಾಗುತ್ತಾ ಬಂದು, ಕೊನೆಗೆ ತಂತಿ ಬೇಲಿಗೆ ಮುಟ್ಟಿ ನಿಂತುಹೋಯಿತು. ಬೇಲಿಯಾಚೆ ಹೊಸದಾಗಿ ನೆಟ್ಟ ದ್ರಾಕ್ಷಿ ಸಾಲುಗಳು. ದಾರಿಯನ್ನು ಉತ್ತು ತೋಟಕ್ಕೆ ಸೇರಿಸಿಕೊಂಡಿದ್ದರು. ನಾನು ಹೇಳಲೇಬೇಕಾಯಿತು.

ಮಾವ ಮುಂದೆ ಬಂದು ಬೇಲಿಯ ಕಂಬವನ್ನು ಮುಟ್ಟಿ ನೋಡಿದ. ಮತ್ತೊಂದು ಕಂಬ. ಮತ್ತೊಂದು. ಆಮೇಲೆ ಹುಲ್ಲಿನ ಮೇಲೆ ಕುಸಿದು ಕೂತ.

"ಇಲ್ಲಿ ದಾರಿ ಇತ್ತು," ಎಂದ. "ಇತ್ತು ಅಂತಾನೇ ನಂಗೆ ನೆನಪು. ಕಣ್ಣು ಹೋಯ್ತು, ಇದೊಂದಾದ್ರೂ ಉಳಿದಿದೆ ಅಂದ್ಕೊಂಡಿದ್ದೆ. ಇದೂ ಹೋಯ್ತೇನೊ. ಸುಮ್ನೆ ನಿನ್ನನ್ನ ಗುಡ್ಡ ಹತ್ತಿಸಿ ಸಾಯಿಸ್ದೆ."

"ದಾರಿ ಇತ್ತು," ಎಂದಳು ಅತ್ತೆ.

"ಸಮಾಧಾನ ಹೇಳ್ಬೇಡ."

"ಸಮಾಧಾನ ಯಾರು ಹೇಳಿದ್ರು? ದಾರಿ ಇತ್ತು, ಅದರ ಪಕ್ಕ ಚಾವಣಿ ಬಿದ್ದ ಒಂದು ಪುಟ್ಟ ಇಗರ್ಜಿ ಇತ್ತು. ಮುಂದೆ ಒಂದು ಅಕ್ರೋಟು ಮರ. ಅದರ ಕೆಳಗೆ ಕೂತು ನೀನು ಬ್ರೆಡ್ಡು, ಈರುಳ್ಳಿ ತಿಂತಿದ್ದೆ. ಒಬ್ನೇ."

ಮಾವ ತಲೆಯೆತ್ತಿದ. "ನಿಂಗೆ ಹೇಗೆ ಗೊತ್ತು?"

ಅತ್ತೆ ಉತ್ತರ ಕೊಡುವ ಮೊದಲು ಸೈಕಲ್ಲನ್ನು ಬೇಲಿಗೆ ಒರಗಿಸಿದಳು, ತಲೆಯ ವಸ್ತ್ರ ಬಿಚ್ಚಿ ಮತ್ತೆ ಕಟ್ಟಿದಳು. "ಅಂಚೆಯ ರೆಮೀಜೊ ಇದ್ನಲ್ಲ, ಈ ಕಡೆ ಮನೆಗಳಿಗೆ ಕಾಗದ ತರ್ತಿದ್ದೋನು. ಅವನಿಗೆ ಹೇಳಿದ್ದೆ. ಭಾನುವಾರ ಅವನು ಈ ಕಡೆ ಬೇಟೆಗೆ ಬರ್ತಿದ್ದ. ನನ್ನ ಗಂಡ ಎಲ್ಲಿಗೆ ಹೋಗ್ತಾನೆ, ಯಾರ ಮನೇಗೆ ಹೋಗ್ತಾನೆ, ನೋಡ್ಕೊಂಡು ಬಂದು ಹೇಳು ಅಂತ."

"ನನ್ನ ಹಿಂದೆ ಪತ್ತೇದಾರನ್ನ ಬಿಟ್ಟಿದ್ಯಾ?"

"ಇನ್ನೇನು ಮಾಡ್ಲಿ? ಪ್ರತಿ ಭಾನುವಾರ ಬೆಳಿಗ್ಗೆ ಎದ್ದು ಗಡ್ಡ ಬೋಳಿಸ್ಕೊಂಡು, ಶಿಳ್ಳೆ ಹಾಕ್ತಾ ಹೋಗ್ತಿದ್ದೆ. ಯಾರಿದ್ದಾಳೋ ಅಂತ ಅನುಮಾನ ಬರಲ್ವಾ? ರೆಮೀಜೊ ಬಂದು, 'ಅಮ್ಮಾ, ಅವನು ಮರದ ಕೆಳಗೆ ಕೂತು ಈರುಳ್ಳಿ ತಿಂತಿದ್ದ, ಈರುಳ್ಳಿ ತಿಂದ್ಕೊಂಡು ಯಾವ ಹೆಂಗಸಿನ ಹತ್ರ ಹೋಗ್ತಾನೆ' ಅಂದ. ಆವತ್ತು ನಂಗೆ ಸಮಾಧಾನ ಆಯ್ತು."

"ಎಷ್ಟು ವರ್ಷ ಅನುಮಾನ ಪಟ್ಟೆ?"

"ಏಳು."

ಮಾವ ನಗಲು ಶುರು ಮಾಡಿದ. ಮೊದಲು ಕೆಮ್ಮಿನಂತೆ, ಆಮೇಲೆ ಹೊಟ್ಟೆ ಹಿಡಿದುಕೊಂಡು. ಕುರುಡುಗಣ್ಣುಗಳಿಂದ ನೀರು ಇಳಿಯಿತು. ಅತ್ತೆಯೂ ನಕ್ಕಳು. ನಾನು ಬೇಲಿಯ ಮೇಲೆ ಬಗ್ಗಿ ನೋಡಿದೆ: ಸಾಲುಗಳ ಆಚೆ ತುದಿಯಲ್ಲಿ ಮುರುಕು ಕಲ್ಲುಗೋಡೆ, ಪಕ್ಕದಲ್ಲಿ ಎಳೆ ಎಲೆ ಬಿಟ್ಟ ದೊಡ್ಡ ಅಕ್ರೋಟು ಮರ.

"ಮಾವ, ಮರ ಇದೆ!" ಎಂದು ಕೂಗಿದೆ. "ಗೋಡೆಯೂ ಇದೆ!"

ನಮ್ಮ ಗದ್ದಲಕ್ಕೆ ತೋಟದೊಳಗಿಂದ ಒಬ್ಬ ಹೆಂಗಸು ಟ್ರ್ಯಾಕ್ಟರ್ ನಿಲ್ಲಿಸಿ ಇಳಿದು ಬಂದಳು. ತೋಟದ ಒಡತಿ, ಅರ್ಮೀದಾ ಎಂದು ಹೆಸರು. "ಯಾರ್ರೀ ನೀವು? ಈ ದಾರಿ ಮುಚ್ಚಿ ಮೂರು ವರ್ಷ ಆಯ್ತಲ್ಲ," ಎಂದವಳು, ಎರಡು ಸೀಟಿನ ಸೈಕಲ್ಲನ್ನೂ ಮಾವನ ಕಣ್ಣನ್ನೂ ಅತ್ತೆಯ ಮಂಡಿಯ ಗಾಯವನ್ನೂ ನೋಡಿ ಮಾತು ಬದಲಿಸಿದಳು. "ಬನ್ನಿ, ಬನ್ನಿ. ಗೇಟು ಆ ಕಡೆ ಇದೆ. ಸಾಲಿನ ಮಧ್ಯೆ ನಡ್ಕೊಂಡು ಹೋಗಿ, ಮೇಲೆ ದಾರಿ ಸಿಗುತ್ತೆ. ಬಳ್ಳಿ ಮಾತ್ರ ತುಳೀಬೇಡಿ."

ಎರಡೂ ಸೈಕಲ್ ತಳ್ಳುವ ಕೆಲಸ ನನಗೆ ಬಂತು. ಅವರಿಬ್ಬರೂ ಕೈ ಹಿಡಿದು ಮುಂದೆ ನಡೆದರು. ಮಾವ ಇನ್ನೊಂದು ಕೈಯಿಂದ ಪ್ರತಿ ಬಳ್ಳಿಯನ್ನೂ ಮುಟ್ಟುತ್ತಾ ಹೋದ. ಅಕ್ರೋಟು ಮರದ ಕೆಳಗೆ ಬುತ್ತಿ ಬಿಚ್ಚಿದೆವು: ಉಪ್ಪಿಲ್ಲದ ನಮ್ಮ ಬ್ರೆಡ್ಡು, ಫಾವಾ ಕಾಳು, ಕುರಿ ಹಾಲಿನ ಚೀಸು. ಅರ್ಮೀದಾ ಒಂದು ಬಾಟಲಿ ವೈನು ತಂದಿಟ್ಟು ಹೋದಳು. ಕೆಳಗೆ ಕಣಿವೆ, ಅದರಾಚೆ ನಮ್ಮ ಊರಿನ ಗುಡ್ಡ, ಬೂದು ಹಸಿರಿನ ಆಲಿವ್ ಮರಗಳು. ಎಲ್ಲೋ ಕೋಗಿಲೆ ಕೂಗುತ್ತಿತ್ತು. ಅತ್ತೆ ತಿನ್ನುವುದು ಬಿಟ್ಟು ನೋಡುತ್ತಾ ಕೂತಳು.

"ಇದನ್ನ ನೋಡೋಕೆ ಬರ್ತಿದ್ಯಾ ನೀನು?" ಎಂದಳು ಬಹಳ ಹೊತ್ತಿನ ಮೇಲೆ.

"ಹೂಂ."

"ನನ್ನನ್ನ ಒಂದು ಸಲಾನೂ ಕರೀಲಿಲ್ಲ."

ನಾನು ಚೀಲ ಕಟ್ಟುವ ನೆಪದಲ್ಲಿ ಎದ್ದೆ. ಆದರೂ ಕೇಳಿಸಿತು.

"ನಿಂಗೆ ಇದೆಲ್ಲ ಬೇಡ ಅಂದ್ಕೊಂಡಿದ್ದೆ," ಎಂದ ಮಾವ. "ಕರೆದಿದ್ರೆ ಬರ್ತಿದ್ಯಾ?"

"ಇಲ್ಲ. ಆದ್ರೂ ಕರೀಬೇಕಿತ್ತು."

ಮಾವ ಅವಳ ಕೈಯನ್ನು ಹುಡುಕಿ, ಹಿಡಿದು, ಬೆರಳುಗಳನ್ನು ಒಂದೊಂದಾಗಿ ಮುಟ್ಟಿದ. ಬ್ರೇಕ್ ಹಿಡಿದು ಹಿಡಿದು ಆ ಕೈಗೆ ಬೊಬ್ಬೆ ಬಂದಿತ್ತು. "ಉರೀತಿದ್ಯಾ?" ಎಂದು ಕೇಳಿದ. "ಉರೀತಿದೆ," ಎಂದಳು. ನೀರಿನ ಬಾಟಲಿಯಲ್ಲಿ ಉಳಿದಿದ್ದ ತಣ್ಣನೆಯ ನೀರನ್ನು ತನ್ನ ಕರವಸ್ತ್ರಕ್ಕೆ ಹಾಕಿ ಅವನು ಆ ಕೈಗೆ ಸುತ್ತಿದ.

ಮೂರನೆಯ ದಿನ ಮೊಂತೆಫಾಲ್ಕೊದಿಂದ ಇಳಿಯುವಾಗ ಅವರು ಜಗಳವಾಡಲಿಲ್ಲ ಎಂದರೆ ಸುಳ್ಳಾಗುತ್ತದೆ. ಆಡಿದರು. ಆದರೆ ಪ್ರತಿ ತಿರುವಿನಲ್ಲೂ ಅತ್ತೆ ಕಂಡದ್ದನ್ನು ಹೇಳುವಳು, ಮಾವ ಮುಂದಿನದನ್ನು ಹೇಳುವನು. ಕೊನೆಯ ನೇರ ಇಳಿಜಾರಿಗೆ ಬಂದಾಗ ಅವನು, "ಮುಂದೆ ಯಾರಾದ್ರೂ ಇದಾರಾ?" ಎಂದ. "ಯಾರೂ ಇಲ್ಲ." "ಹಾಗಾದ್ರೆ ಬಿಡು ದೆಲ್ಫೀನಾ, ಒಂದೇ ಸಲ." ಅವಳು ಬ್ರೇಕ್ ಬಿಟ್ಟಳು. ಹಿಂದಿನಿಂದ ನನಗೆ ಕಂಡದ್ದು ಅವಳ ವಸ್ತ್ರ ಹಾರಿಹೋದದ್ದು, ಕೇಳಿದ್ದು ಮಾತಿಗೆ ತಕ್ಕಂತೆ ಊರಿಗೆಲ್ಲ ಕೇಳುವಂಥ ಅವಳ ಕಿರುಚಾಟ. ಬೀಳಲಿಲ್ಲ. ವಸ್ತ್ರವನ್ನು ನಾನು ಎತ್ತಿಕೊಂಡು ಬಂದೆ.

ಆ ಸೈಕಲ್ಲು ಮತ್ತೆ ಪ್ರವಾಸಿಗರ ಕೈಗೆ ಹೋಗಲಿಲ್ಲ. ಬೇಸಿಗೆಯಿಡೀ ಇಬ್ಬರೂ ತಿರುಗಿದರು. ಮುಂದಿನ ವಸಂತಕ್ಕೆ ನನ್ನನ್ನೂ ಬಿಟ್ಟು ತ್ರಸಿಮೇನೊ ಸರೋವರದ ಕಡೆ ಹೊರಟರು. ನಾನು ಎರಡು ದಿನ ಹೆದರಿ ಕೂತಿದ್ದೆ. ಮೂರನೆಯ ದಿನ ಮಧ್ಯಾಹ್ನ ಅತ್ತೆಯ ಫೋನು ಬಂತು.

"ನೀವೆಸ್, ನಾಳೆ ಬರಲ್ಲ ನಾವು. ಸರೋವರದ ಆಚೆ ಇನ್ನೊಂದು ಬಿಳಿ ದಾರಿ ಹೋಗುತ್ತಂತೆ."

"ಮಾವನಿಗೆ ಗೊತ್ತಿರೋ ದಾರೀನಾ ಅತ್ತೆ?"

"ಇಲ್ವೇ. ಅವನು ಯಾವತ್ತೂ ಹೋಗಿಲ್ಲ, ನಾನೂ ಹೋಗಿಲ್ಲ," ಎಂದಳು. ಹಿಂದೆ ಮಾವ ಬೇಗ ಬಾ ಎಂದು ಕೂಗುವುದು ಕೇಳಿಸಿತು. "ಬಂದೆ ತಾಳೋ!" ಎಂದು ಅವನಿಗೆ ಗದರಿ, ನನಗೆ ಏನೂ ಹೇಳದೆ ಫೋನ್ ಇಟ್ಟುಬಿಟ್ಟಳು.