ಮೂರು ಕಂಪನಿ ಹೊತ್ತ ಮೇಜು

ನಾನೊಂದು ಸಾಗವಾನಿ ಮೇಜು. ದಾಂಡೇಲಿಯಿಂದ ಬಂದ ಮರವನ್ನು ಹುಬ್ಬಳ್ಳಿಯ ಮೌನೇಶಪ್ಪ ಬಡಿಗೇರರು ಕೊಯ್ದು, ಕೀಸಿ, ಕೂಡಿಸಿ ನನಗೆ ನಾಲ್ಕು ಕಾಲು ಕೊಟ್ಟರು. ಮಾಡಿಸಿದವರು ಅಚ್ಚಿನ ಪ್ರೆಸ್ ನಡೆಸುತ್ತಿದ್ದ ಚನ್ನವೀರಪ್ಪ ಅಂಗಡಿ ಎಂಬವರು. ಅಚ್ಚಾದ ಹಾಳೆಗಳನ್ನು ಹರವಿ ಒಣಗಿಸಲು ಅವರಿಗೆ ಅಗಲವಾದ ಮೇಜೊಂದು ಬೇಕಿತ್ತು. ಮದುವೆ ಪತ್ರಿಕೆ, ಸಿನಿಮಾ ಹ್ಯಾಂಡ್‌ಬಿಲ್ಲು, ಬಟ್ಟೆ ಅಂಗಡಿಯ ರಿಯಾಯಿತಿ ಮಾರಾಟದ ಗುಲಾಬಿ ಚೀಟಿ ಎಲ್ಲವೂ ನನ್ನ ಬೆನ್ನ ಮೇಲೆಯೇ ಒಣಗಿದವು. ಅವರ ಮಗಳು ವಿನುತಾ ಶಾಲೆ ಬಿಟ್ಟ ಕೂಡಲೇ ಬಂದು ನನ್ನ ಕೆಳಗೆ ಕೂರುತ್ತಿದ್ದಳು. ಯಂತ್ರದ ಸದ್ದಿನಲ್ಲೇ ಲೆಕ್ಕ ಬಿಡಿಸುತ್ತಿದ್ದಳು, ಎಷ್ಟೋ ಸಲ ಅಲ್ಲೇ ನಿದ್ದೆ ಹೋಗುತ್ತಿದ್ದಳು.

ಆಫ್‌ಸೆಟ್ ಮುದ್ರಣ ಬಂದ ಮೇಲೆ ಪ್ರೆಸ್ ಮುಚ್ಚಿತು. ಯಂತ್ರ ಹೋಯಿತು, ಅಚ್ಚಿನ ಮೊಳೆಗಳು ಹೋದವು, ನಾನು ಉಳಿದೆ. ವಿನುತಾ ಓದು ಮುಗಿಸಿ ಬಂದು ನನ್ನ ಮೇಲೆ ದೊಡ್ಡ ಹೊಟ್ಟೆಯ ಕಂಪ್ಯೂಟರ್ ಇಟ್ಟಳು. ಎದುರಿಗೆ ಅವಳ ಸಹಪಾಠಿ ಇಮ್ತಿಯಾಜ್ ನದಾಫ್ ಕುರ್ಚಿ ಹಾಕಿಕೊಂಡ. ಊರಿನ ಅಂಗಡಿಗಳ ಜಾಹೀರಾತನ್ನೆಲ್ಲ ಒಂದೇ ಕಡೆ ತೋರಿಸುವ 'ಪ್ಯಾಟಿ ಡಾಟ್ ಕಾಮ್' ಅವರ ಮೊದಲ ಕಂಪನಿ. ಅವಳು ಬಿಸಿಲಲ್ಲಿ ಅಲೆದು ಜಾಹೀರಾತು ತರುವಳು, ಅವನು ಅದನ್ನು ತೆರೆಗೆ ಏರಿಸುವನು.

ಒಂದು ದಿನ ದುರ್ಗದಬೈಲಿನ ಬಳೆ ವ್ಯಾಪಾರಿ ಗುರುಸಿದ್ದಪ್ಪನವರು ತಮ್ಮ ಜಾಹೀರಾತನ್ನು ಕಣ್ಣಾರೆ ನೋಡಲು ಬಂದರು. ಇಂಟರ್‌ನೆಟ್ ಜೋಡಿಸುವ ಫೋನ್ ಲೈನು ಕಿರುಗುಟ್ಟಿತು. ಚಿತ್ರ ಮೇಲಿನಿಂದ ಗೆರೆಗೆರೆಯಾಗಿ ಇಳಿಯತೊಡಗಿತು. ಬಳೆ ಕಾಣಿಸುವಷ್ಟರಲ್ಲಿ ಅವರ ಚಹಾ ಮುಗಿದಿತ್ತು.

"ಛಲೋ ಐತ್ರಿ. ಆದ್ರ ಇದನ್ನ ಯಾರ್ ನೋಡ್ತಾರ್ರೀ?" ಎಂದು ಕೇಳಿದರು.

ನೋಡಿದವರ ಸಂಖ್ಯೆ ತೆರೆಯ ಮೂಲೆಯಲ್ಲೇ ಇತ್ತು. ಆದರೆ ಹೆಚ್ಚಿನ ಸಲ ತೆರೆದು ನೋಡಿದವರು ತಾವಿಬ್ಬರೇ ಎಂದು ವಿನುತಾ ಮುಚ್ಚುಮರೆಯಿಲ್ಲದೆ ಹೇಳಿಬಿಟ್ಟಳು. ಗುರುಸಿದ್ದಪ್ಪನವರು ಹೊಟ್ಟೆ ಹಿಡಿದು ನಕ್ಕರು. ಊರಿನಲ್ಲಿ ಇಂಟರ್‌ನೆಟ್ ಇದ್ದ ಮನೆಗಳೇ ಅಪರೂಪವಾಗಿದ್ದ ಕಾಲ ಅದು. ಕಂಪನಿ ಬಹಳ ದಿನ ಬಾಳಲಿಲ್ಲ. ಆದರೂ ಆ ದಿನಗಳಲ್ಲಿ ಕೇಳಿದಷ್ಟು ನಗು ಮುಂದೆಂದೂ ನನ್ನ ಸುತ್ತ ಕೇಳಲಿಲ್ಲ.

ಆಮೇಲೆ ತರಕಾರಿ ಮಾರುವವರ ಕೈಗೂ ಮೊಬೈಲ್ ಬಂತು. ವಿನುತಾ ಮತ್ತೆ ಇಮ್ತಿಯಾಜನನ್ನು ಕರೆದಳು. ಅಂಗಡಿಗಳ ಜಾಹೀರಾತನ್ನು ಮೆಸೇಜಾಗಿ ಊರಿಗೆಲ್ಲ ಕಳಿಸುವ ಈ ಕಂಪನಿಗೆ 'ಕೂಗು' ಎಂದು ಹೆಸರಿಟ್ಟರು. ವಿದ್ಯಾನಗರದಲ್ಲಿ ಎರಡನೆಯ ಮಹಡಿ ಹಿಡಿದರು. ಮೆಟ್ಟಿಲ ತಿರುವಿನಲ್ಲಿ ನಾನು ಹಿಡಿಸಲಿಲ್ಲ. ಹಗ್ಗ ಕಟ್ಟಿ ಹೊರಗಿನಿಂದ ಎಳೆದುಕೊಂಡರು. ಗೋಡೆಗೆ ಬಡಿದು ನನ್ನ ಒಂದು ಮೂಲೆ ಚಕ್ಕೆ ಎದ್ದಿತು. ವಿನುತಾ ಅದನ್ನು ಸವರಿ ನೋಡಿ ಮುಖ ಸಣ್ಣದು ಮಾಡಿಕೊಂಡಳು. ಕೆಲವೇ ತಿಂಗಳಲ್ಲಿ ಕೋಣೆ ತುಂಬ ಜನ, ಗೋಡೆ ತುಂಬ ಇಬ್ಬರಿಗೂ ಹಾರ ಹಾಕಿ ಸನ್ಮಾನಿಸಿದ ಫೋಟೋಗಳು. ಒಂದು ಗುಂಡಿ ಒತ್ತಿದರೆ ಇಡೀ ಊರಿನ ಜೇಬುಗಳು ಕಿಣಿಗುಟ್ಟುತ್ತಿದ್ದವು.

ಒಂದು ಮಧ್ಯಾಹ್ನ ನಡುವಯಸ್ಸಿನವರೊಬ್ಬರು ಬಂದು ತಮ್ಮ ಫೋನನ್ನು ನನ್ನ ಮೇಲಿಟ್ಟರು. ರೈಲ್ವೆ ವರ್ಕ್‌ಶಾಪಿನಲ್ಲಿ ಕೆಲಸ ಎಂದರು. ದನಿ ಎತ್ತಲಿಲ್ಲ.

"ಹೆಂಡ್ತಿ ಐಸಿಯು ಒಳಗ ಅದಾಳ್ರಿ. ಫೋನ್ ಸಪ್ಪಳಾದಾಗೊಮ್ಮೆ ಎದಿ ಝಲ್ ಅಂತೈತಿ. ತಗದು ನೋಡಿದ್ರ ನಿಮ್ಮ ಸೀರಿ ಸೇಲ್."

ವಿನುತಾ ಆ ನಂಬರನ್ನು ಪಟ್ಟಿಯಿಂದ ತೆಗೆಸಿದಳು, ಕ್ಷಮೆ ಕೇಳಿದಳು, ಬಾಗಿಲ ತನಕ ಹೋಗಿ ಬೀಳ್ಕೊಟ್ಟಳು. ತಿರುಗಿ ಬಂದು ಎರಡೂ ಅಂಗೈಯನ್ನು ನನ್ನ ಮೇಲೆ ಊರಿ ಕೂತಳು.

ಕೇಳದವರಿಗೆ ಇನ್ನು ಮೆಸೇಜು ಕಳಿಸುವುದು ಬೇಡ ಎಂದಳು. ಹಾಗಾದರೆ ಮುಂದಿನ ತಿಂಗಳು ಇಷ್ಟು ಜನರ ಸಂಬಳ ಎಲ್ಲಿಂದ ಬರಬೇಕು ಎಂದು ಇಮ್ತಿಯಾಜ್ ಕೇಳಿದ. ಅವನ ಮಾತಿನಲ್ಲೂ ಸುಳ್ಳಿರಲಿಲ್ಲ. ದಿನಗಟ್ಟಲೆ ವಾದ ನಡೆಯಿತು. ಕೊನೆಗೆ ವಿನುತಾ ಕಂಪನಿಯನ್ನು ಅವನಿಗೇ ಬಿಟ್ಟು ಎದ್ದಳು. ಅಪ್ಪನ ಮೇಜನ್ನಾದರೂ ಒಯ್ಯುತ್ತಾಳೆ ಎಂದು ಎಲ್ಲರೂ ಅಂದುಕೊಂಡಿದ್ದರು. ನಾನೂ ಅಂದುಕೊಂಡಿದ್ದೆ. "ಮಂದಿ ಕೂತು ಕೆಲಸ ಮಾಡಾಕತ್ತಾರ. ಇಲ್ಲೇ ಇರಲಿ," ಎಂದು ಹೇಳಿ ಮೆಟ್ಟಿಲು ಇಳಿದಳು.

ಇಮ್ತಿಯಾಜ್ ಅವಳ ಬದಿಗೆ ಒಂದು ಫೈಲನ್ನೂ ಇಡಲಿಲ್ಲ. ನನ್ನ ಆ ಅರ್ಧ ಬರಿದಾಗಿಯೇ ಇತ್ತು. ಮರುವರ್ಷ ಬೇಡದವರಿಗೆ ಜಾಹೀರಾತು ಕಳಿಸಬಾರದೆಂಬ ಸರಕಾರದ ನಿಯಮ ಬಂತು. ಕೆಲಸದವರು ಒಬ್ಬೊಬ್ಬರಾಗಿ ಬಿಟ್ಟುಹೋದರು. ಕಡೆಗೆ ಅವನೊಬ್ಬನೇ ಬಂದು ಬೀಗ ತೆಗೆದು ಕೂರುತ್ತಿದ್ದ.

ಹೀಗಿರುವಾಗ ಒಂದು ಬೆಳಿಗ್ಗೆ ವಿನುತಾ ಬಂದಳು. ಟೇಬಲ್ ಒಯ್ಯಲು ಬಂದಿದ್ದೇನೆ, ಮತ್ತೊಂದು ಕಂಪನಿ ಶುರುಮಾಡುತ್ತಿದ್ದೇನೆ ಎಂದಳು. ಹಾಡು ಬೇಕಾದವರು ಒಂದು ಮಿಸ್ಡ್ ಕಾಲ್ ಕೊಟ್ಟರೆ ಸಾಕು. ತಿರುಗಿ ಕರೆ ಹೋಗುತ್ತದೆ, ಹಾಡು ಕೇಳುತ್ತದೆ, ಹಾಡಿನ ನಡುವೆ ಒಂದು ಜಾಹೀರಾತು. ಬೇಕೆಂದು ಕೇಳಿದವರಿಗೆ ಮಾತ್ರ. ಇಮ್ತಿಯಾಜ್ ನನ್ನ ಚಕ್ಕೆ ಎದ್ದ ಮೂಲೆಯನ್ನು ಬೆರಳಿನಿಂದ ಸವರಿದ.

"ಟೇಬಲ್ ಕೊಡಂಗಿಲ್ರಿ," ಎಂದ. "ನೀವ ಬಂದು ಕೂಡ್ರಿ."

ಅವಳು ಬ್ಯಾಗನ್ನು ಬರಿದಾಗಿದ್ದ ಬದಿಯಲ್ಲಿ ಇಟ್ಟು ಕೂತಳು.

'ಓಗೊಡು' ಅವರಿಬ್ಬರ ಮೂರನೆಯ ಕಂಪನಿ. ಕಳೆ ಕೀಳುವ ಹೆಂಗಸರು, ಲಾರಿ ಓಡಿಸುವವರು, ಕಿರಾಣಿ ಅಂಗಡಿಯವರು ಎಲ್ಲರೂ ಮಿಸ್ಡ್ ಕಾಲ್ ಕೊಟ್ಟರು. ಗೀಗೀ ಪದ, ತತ್ವಪದ, ಸೋಬಾನೆ ನನ್ನ ಮೇಲಿನ ಪುಟ್ಟ ಸ್ಪೀಕರಿನಲ್ಲಿ ದಿನವಿಡೀ ಕೇಳಿಬರುತ್ತಿದ್ದವು. ಆ ದನಿಗಳಿಗೆ ನನ್ನ ಹಲಗೆ ಸಣ್ಣಗೆ ನಡುಗುತ್ತಿದ್ದುದು ಇಂದಿಗೂ ನೆನಪಿದೆ. ಕೊನೆಗೆ ಮುಂಬೈಯ ದೊಡ್ಡ ಕಂಪನಿಯೊಂದು 'ಓಗೊಡು'ವನ್ನು ಕೊಂಡಿತು. ಕಾಗದಗಳನ್ನು ನನ್ನ ಮೇಲೆಯೇ ಹರಡಿದರು. ವಿನುತಾ ಸಹಿ ಹಾಕಿದಳು. ಇಮ್ತಿಯಾಜ್ ಪೆನ್ನಿನ ಮುಚ್ಚಳ ಹಿಡಿದುಕೊಂಡು ಕಿಟಕಿಯ ಹೊರಗೆ ನೋಡುತ್ತಿದ್ದ. ಹೊಸಬರು ಹೆಸರು ಬದಲಿಸಿದರು, ಹಾಡು ನಿಲ್ಲಿಸಿದರು, ಗಾಜಿನ ಮೇಜುಗಳನ್ನು ತರಿಸಿದರು.

ನನ್ನನ್ನು ಇಮ್ತಿಯಾಜ್ ಗಣೇಶಪೇಟೆಯ ತನ್ನ ಮನೆಗೆ ತಂದ. ಈಗ ಅವನ ಹೆಂಡತಿ ಶಾಹೀನ್ ನನ್ನ ಮೇಲೆ ಬಟ್ಟೆ ಕತ್ತರಿಸುತ್ತಾಳೆ. ಒಂದು ಕಾಲನ್ನು ಗೆದ್ದಲು ತಿಂದಿದೆ, ಅದರ ಕೆಳಗೆ ಇಟ್ಟಿಗೆ ಇಟ್ಟಿದ್ದಾರೆ. ತಲೆ ಬೆಳ್ಳಗಾದ ವಿನುತಾ ಭಾನುವಾರಗಳಂದು ಚಹಾಕ್ಕೆ ಬರುತ್ತಾಳೆ. ಹಳೆಯ ಮಾತು ಆಡುತ್ತ ಇಬ್ಬರೂ ಹೊತ್ತು ಕಳೆಯುತ್ತಾರೆ.

ಹೋದ ಭಾನುವಾರ ಶಾಹೀನ್ ಕತ್ತರಿ ಕೆಳಗಿಟ್ಟು, "ಅಕ್ಕಾ, ನಾ ಹೊಲಿಯೂದು ಈ ಓಣಿ ದಾಟಿ ಯಾರಿಗೂ ಗೊತ್ತಿಲ್ರಿ. ಏನರ ಮಾಡಾಕ ಬರ್ತದೇನು?" ಎಂದು ಕೇಳಿದಳು.

ತಾನು ಅದನ್ನೆಲ್ಲ ಬಿಟ್ಟು ಎಷ್ಟೋ ಕಾಲವಾಯಿತು ಎಂದು ವಿನುತಾ ನಕ್ಕಳು. ಚಹಾ ಕುಡಿದಳು. ಕಪ್ಪನ್ನು ನನ್ನ ಮೇಲಿಟ್ಟಳು.

"ನಿಮ್ಮಂಗ ಮನಿಯೊಳಗ ಹೊಲಿಯೋರು ಈ ಕಡೆ ಎಷ್ಟು ಮಂದಿ ಅದಾರ?"

ಇಮ್ತಿಯಾಜ್ ಎದ್ದು ಬಟ್ಟೆಯ ರಾಶಿಯನ್ನು ಒಂದು ಬದಿಗೆ ಸರಿಸಿದ. ಒಳಗಿನಿಂದ ಇನ್ನೊಂದು ಕುರ್ಚಿ ತಂದು ಅವಳ ಎದುರು ಹಾಕಿಕೊಂಡು ಕೂತ.

ನಾನು ಹೊತ್ತ ಹೆಸರುಗಳಲ್ಲಿ ಇಂದು ಒಂದೂ ಉಳಿದಿಲ್ಲ. ಇನ್ನೊಂದನ್ನು ಹೊರುವಷ್ಟು ತ್ರಾಣ ಈ ಕಾಲುಗಳಲ್ಲಿ ಇದೆಯೋ ಇಲ್ಲವೋ ಅದೂ ತಿಳಿಯದು. ಆದರೆ ಅವರಿಬ್ಬರ ಮೊಣಕೈಗಳು ಎದುರುಬದುರಾಗಿ ನನ್ನ ಮೇಲೆ ಊರಿದಾಗ ನಾನು ಅಲುಗಲಿಲ್ಲ.