ಕಂಡಂತೆ ಬಿಟ್ಟ ಗೇಟು

ಗೇಟು ಮುಚ್ಚಿತ್ತು.

ಬೆರಿಲ್ ಬ್ರೇಕು ಒತ್ತಿ, ಸ್ಟಿಯರಿಂಗಿನ ಮೇಲೆ ಎರಡೂ ಕೈ ಚಾಚಿ ಕುಳಿತಳು. ಪಕ್ಕದ ಸೀಟಿನವರು ಇಳಿದು ಗೇಟು ತೆಗೆಯಬೇಕು, ಗಾಡಿ ದಾಟಿದ ಮೇಲೆ ಮೊದಲಿದ್ದಂತೆ ಮಾಡಿ ಹತ್ತಬೇಕು. ಟಲ್ಲಬಾ ರಸ್ತೆಯಲ್ಲಿ ಇದನ್ನು ಯಾರೂ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಆದರೆ ಪಕ್ಕದಲ್ಲಿದ್ದ ಗೆಳತಿ ನೊರೀನ್ ಇಳಿಯಲಿಲ್ಲ. ಧೂಳು ಹಿಡಿದ ಗಾಜಿನಾಚೆ ಆ ಕಬ್ಬಿಣದ ಗೇಟನ್ನೇ ನೋಡುತ್ತಿದ್ದಳು.

"ಯಾಕೇ, ಕಾಲು ಜೋಮು ಹಿಡೀತಾ?" ಎಂದಳು ಬೆರಿಲ್. "ಇಲ್ಲಾ ನಿಮ್ಮಣ್ಣ ಆರ್ಚಿ ಮುಖ ನೋಡ್ಬೇಕಲ್ಲಾ ಅಂತ ಈಗ್ಲೇ ಎದೆ ಹೊಡ್ಕೊಳ್ತಿದ್ಯಾ?"

"ಬೇಸಿಗೇಲಿ ಈ ಗೇಟು ಮುಚ್ಚಲ್ಲ, ಬೆರಿಲ್."

"ಅವನ ಗೇಟು, ಅವನಿಷ್ಟ."

"ಅಪ್ಪನ ಕಾಲದಿಂದಲೂ ಮುಚ್ಚಿಲ್ಲ. ಕೇಳು ಸ್ವಲ್ಪ."

ಬೆರಿಲ್ ಎಂಜಿನ್ ಆರಿಸಿದಳು. ಈ ದಕ್ಷಿಣ ನಾಡಿಗೆ ಬೇಸಿಗೆಯಾದ ಫೆಬ್ರವರಿಯ ಬಿಸಿಲು ಗಾಡಿಯ ತಗಡಿನ ಮೇಲೆ ಚಟಚಟ ಅನ್ನುತ್ತಿತ್ತು. ಅದರಾಚೆ, ಮೇಲಿನ ಹುಲ್ಲುಗಾವಲಿನ ಕಡೆಯಿಂದ, ದನಗಳ ಕೂಗು ಕೇಳಿತು. ಕರುವನ್ನು ಕರೆಯುವ ಕೂಗಲ್ಲ, ಗಂಟಲೊಣಗಿದ ಕೂಗು. ಕಪ್ಪು ಹಸುಗಳು ಬೇಲಿಯ ಮೂಲೆಗೆ ಒತ್ತಿಕೊಂಡು ಬಂದು ನಿಂತಿದ್ದವು. ಅವುಗಳ ನೀರಿನ ತೊಟ್ಟಿ ಗೇಟಿನ ಈಚೆ, ಕೆಳಗಡೆ, ನೀರೆತ್ತುವ ಗಾಳಿಯಂತ್ರದ ಬುಡದಲ್ಲಿತ್ತು.

ಬೆಳಿಗ್ಗೆ ರಸ್ತೆಯ ತಿರುವಿನಲ್ಲಿ ಗ್ಯಾಸ್ ಕಂಪನಿಯ ಬಿಳಿ ಗಾಡಿ ಎದುರಾಗಿತ್ತು. ಒಳಗಿದ್ದವನು ಬ್ರೆಂಟ್. ಇಸ್ತ್ರಿ ಮಾಡಿದ ಅಂಗಿಯ, ನಗುಮುಖದ ಮನುಷ್ಯ. ಎಲ್ಲರ ಮನೆಯ ಅಂಗಳದಲ್ಲೂ ನಕ್ಷೆ ಬಿಚ್ಚಿ ಕುಳಿತು ಹೋದವನು. ಕಿಟಕಿ ಇಳಿಸಿ ಅವನೇ ಮಾತಾಡಿಸಿದ್ದ. "ಆರ್ಚಿ ಮನೇಲಿಲ್ಲ, ಬೇಲಿ ಕಡೆ ಹೋಗಿರ್ಬೇಕು. ಗೇಟು ಬಾಯ್ಬಿಟ್ಕೊಂಡು ಬಿದ್ದಿತ್ತು, ನಾನೇ ಭದ್ರವಾಗಿ ಮುಚ್ಚಿ ಬಂದೆ," ಎಂದು ದೊಡ್ಡ ಉಪಕಾರ ಮಾಡಿದವನ ಹಾಗೆ ಹೇಳಿದ್ದ. ಯಾವ ಗೇಟು ಎಂದು ಕೇಳಲು ನೊರೀನ್‌ಗೆ ಆಗ ಹೊಳೆದಿರಲಿಲ್ಲ.

"ಅಯ್ಯೋ, ಆ ಇಸ್ತ್ರಿ ಅಂಗಿಯವನಾ?" ಬೆರಿಲ್‌ಗೂ ಈಗ ನೆನಪಾಯಿತು. ಮುಖ ಅರಳಿತು. "ನೊರೀನ್! ಇದಕ್ಕಿಂತ ಏನು ಬೇಕೇ ನಮಗೆ? ಆರ್ಚಿ ಜೀವ ಇರೋದೇ ಆ ಹಸುಗಳಲ್ಲಿ. 'ನೋಡಪ್ಪಾ, ನಿನ್ನ ಸ್ನೇಹಿತ ನಿನ್ನ ದನಗಳನ್ನ ನೀರಿಲ್ದೆ ಸಾಯಿಸ್ತಿದ್ದ' ಅಂದ್ಬಿಡೋಣ. ಮುಗೀತು!"

ನೊರೀನ್ ಇಳಿದಳು.

ಗೇಟಿನ ಸರಪಳಿಯ ಮೇಲೆ ಕೈಯಿಟ್ಟವಳು ಒಂದು ಕ್ಷಣ ತಡೆದಳು. ಬಿಸಿಗೆ ಅಂಗೈ ಚುರುಗುಟ್ಟಿತು. ಕಂಡಂತೆ ಬಿಡು: ತೆರೆದಿದ್ದರೆ ತೆರೆದೇ ಬಿಡು, ಮುಚ್ಚಿದ್ದರೆ ಮುಚ್ಚಿಯೇ ಬಿಡು. ಅವಳು ನಡೆಯಲು ಕಲಿಯುವ ಮೊದಲೇ ಅಪ್ಪನ ತೊಡೆಯ ಮೇಲೆ ಕುಳಿತು ಕಲಿತ ಪಾಠ ಅದು. ಯಾವ ಗೇಟು ಯಾಕೆ ಹಾಗಿದೆ ಅನ್ನುವುದು ಆ ಜಮೀನಿನವನಿಗೆ ಗೊತ್ತು, ನಿನಗಲ್ಲ. ಮದುವೆಯಾಗಿ ಇದೇ ರಸ್ತೆಯ ಇನ್ನೊಂದು ತುದಿಗೆ ಹೋದ ಮೇಲೆ ಇದು ಅವಳ ಜಮೀನೂ ಅಲ್ಲ. ಕಳೆದ ಚಳಿಗಾಲದಿಂದೀಚೆಗೆ ಅವಳು ಈ ಕಡೆ ಬಂದೂ ಇರಲಿಲ್ಲ. ಆರ್ಚಿ ಬೇಕೆಂದೇ ಮುಚ್ಚಿಸಿದ್ದರೆ?

ಹಸುಗಳು ಮತ್ತೆ ಕೂಗಿದವು. ಅವಳು ಸರಪಳಿ ತೆಗೆದು ಗೇಟನ್ನು ಪೂರ್ತಿ ಹಿಂದಕ್ಕೆ ತಳ್ಳಿ, ಬೇಲಿಯ ಕಂಬಕ್ಕೆ ಒರಗಿಸಿದಳು. ಹಿಂಡು ಅವಳ ಎರಡೂ ಬದಿಯಿಂದ ಧೂಳೆಬ್ಬಿಸಿ ನುಗ್ಗಿತು.

ಗಾಡಿಗೆ ಮರಳಿದಾಗ ಬೆರಿಲ್ ನೀರಿನ ಬಾಟಲಿ ಚಾಚಿದಳು. ಕೋಪವೂ ಇತ್ತು ಮುಖದಲ್ಲಿ. "ಆರ್ಚಿಗೆ ಹೇಳ್ತೀಯೋ ಇಲ್ವೋ?"

"ನಿಯಮ ಏನು, ಬೆರಿಲ್?"

"ಗೊತ್ತಮ್ಮಾ ಟೀಚರಮ್ಮಾ. ಪ್ರಶ್ನೆ ಕೇಳು, ಉತ್ತರ ಬರ್ಕೋ, ಬಾಯಿ ಮುಚ್ಕೋ."

ಆ ನಿಯಮ ಮಾಡಿದವಳು ನೊರೀನೇ. ನೆಲದಾಳದ ಕಲ್ಲಿದ್ದಲ ಪದರಕ್ಕೆ ಬಾವಿ ಕೊರೆದು, ಅಲ್ಲಿನ ನೀರನ್ನು ಹೊರಗೆ ಹೀರಿ, ಅದರ ಬೆನ್ನಿಗೆ ಬರುವ ಗ್ಯಾಸನ್ನು ಕೊಳವೆಗೆ ತುಂಬುವುದು ಕಂಪನಿಯ ಯೋಜನೆ. ಇಲ್ಲಿನ ಬೋರ್‌ಗಳ ನೀರು ಏನಾದೀತು ಎಂದರೆ ಬ್ರೆಂಟ್ ನಗುತ್ತ ಇನ್ನೊಂದು ನಕ್ಷೆ ಬಿಚ್ಚುತ್ತಿದ್ದ. ಸಭಾಭವನದಲ್ಲಿ ಊರವರೆಲ್ಲ ಸೇರಿ, ಪ್ರತಿಯೊಂದು ರಸ್ತೆಯೂ ಮನೆ ಮನೆಯನ್ನೂ ಕೇಳಿ ತನ್ನ ತೀರ್ಮಾನ ಸಾರಬೇಕು ಎಂದು ನಿಶ್ಚಯಿಸಿದಾಗ, ಪ್ರಶ್ನೆ ಬರೆಯುವ ಕೆಲಸ ಹಳೆಯ ಟೀಚರ್ ನೊರೀನ್ ಪಾಲಿಗೆ ಬಂತು. ಬೆರಿಲ್‌ಗೆ ಅದರಲ್ಲಿ 'ವಿಷ' ಎಂಬ ಮಾತು ಬೇಕಿತ್ತು, ಬೆರಿಲ್‌ನ ಗಂಡನಿಗೆ 'ಲೂಟಿ'. ನೊರೀನ್ ಒಂದೊಂದನ್ನೇ ಹೊಡೆದು ಹಾಕಿದಳು. ಕೊನೆಗೆ ಉಳಿದದ್ದು ಇಷ್ಟು: ನಿಮ್ಮ ರಸ್ತೆ ಗ್ಯಾಸ್ ಬಾವಿಗಳಿಲ್ಲದ ರಸ್ತೆಯಾಗಿ ಉಳಿಯಬೇಕೇ? ಹೌದು, ಬೇಡ, ಗೊತ್ತಿಲ್ಲ. ನಾಳೆ ಯಾರೂ ಬಂದು, ಈ ರಸ್ತೆಯವರನ್ನು ಯಾರೋ ಪುಸಲಾಯಿಸಿದರು, ಹೆದರಿಸಿದರು ಎಂದು ಹೇಳುವ ಹಾಗಿರಬಾರದು. ರಾತ್ರಿ ನಿದ್ದೆ ಬಾರದಿದ್ದಾಗ ನೊರೀನ್ ಆ ಒಂದು ವಾಕ್ಯವನ್ನು ಮನಸ್ಸಿನಲ್ಲೇ ತಿರುಗಿಸಿ ನೋಡುತ್ತಿದ್ದಳು. ಎಲ್ಲಿಯೂ ಮುಳ್ಳಿರಲಿಲ್ಲ.

ರಸ್ತೆಯ ಮನೆಗಳೆಲ್ಲ ಹೌದು ಅಂದಿದ್ದವು. ಇನ್ನು ಉಳಿದದ್ದು ಆರ್ಚಿ ಕ್ವಿಲ್ಟಿಯ ಮನೆ ಮಾತ್ರ. ಶನಿವಾರ ಸಭಾಭವನದಲ್ಲಿ ಘೋಷಣೆ. ಬೇಸಿಗೆಯಲ್ಲಿ ಬತ್ತಿ ಮಳೆಗೆ ಮತ್ತೆ ಹರಿಯುವ ತೊರೆ ಹುಟ್ಟುವುದು ಆರ್ಚಿಯ ಮೇಲಿನ ಹುಲ್ಲುಗಾವಲಿನಲ್ಲೇ. ಅಲ್ಲಿಗೆ ಕೊರೆಯುವ ಯಂತ್ರ ಬಂದರೆ, ಕೆಳಗಿನವರು ಏನು ಹೇಳಿದರೂ ಹೇಳದಿದ್ದರೂ ಒಂದೇ. ಚಳಿಗಾಲದಲ್ಲಿ ಬಿಳಿ ಗಾಡಿ ಅವನ ಅಂಗಳದಲ್ಲಿ ಗಂಟೆಗಟ್ಟಲೆ ನಿಂತಿದ್ದನ್ನು ಇಡೀ ರಸ್ತೆ ನೋಡಿತ್ತು. ಮತ್ತೆ ಮತ್ತೆ ನೋಡಿತ್ತು. ಆರ್ಚಿ ಕಂಪನಿಯ ಒಪ್ಪಂದಕ್ಕೆ ಸಹಿ ಹಾಕಿದ್ದಾನೆ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಅವನನ್ನು ಕೇಳಲೂ ಇಲ್ಲ. ಇಲ್ಲಿಯ ಜನ ಹಾಗೆಲ್ಲ ಒಬ್ಬರನ್ನು ಮುಜುಗರಕ್ಕೆ ಸಿಕ್ಕಿಸುವುದಿಲ್ಲ. ನೊರೀನ್ ಕೂಡ ಭಾನುವಾರದ ಊಟ ಕಟ್ಟಿಕೊಂಡು ಬರುವುದನ್ನು ನಿಲ್ಲಿಸಿದ್ದಳು. ಮೊದಲ ವಾರ ಮೈ ಸರಿಯಿಲ್ಲ ಎಂಬ ನೆಪ ಹೇಳಿದಳು. ಆಮೇಲೆ ನೆಪವೂ ಬೇಕಾಗಲಿಲ್ಲ.

ಆರ್ಚಿ ನಾಲ್ಕು ಚಕ್ರದ ಬೈಕಿನಲ್ಲಿ, ಹಿಂದೆ ನಾಯಿಯನ್ನು ನಿಲ್ಲಿಸಿಕೊಂಡು ಬಂದ. ಮನೆಯ ಕಡೆಗಲ್ಲ, ನೇರ ತೊಟ್ಟಿಯ ಕಡೆಗೆ. ಹಸುಗಳು ಒಂದರ ಮೇಲೊಂದು ಬಿದ್ದು ಕುಡಿಯುತ್ತಿದ್ದವು. ಸ್ವಲ್ಪ ಹೊತ್ತು ನೋಡಿದ. ಗೇಟನ್ನೂ ನೋಡಿದ. ಟೋಪಿಯನ್ನು ಹಿಂದಕ್ಕೆ ಸರಿಸಿ, ಗಾಡಿಯ ಹತ್ತಿರ ಬಂದು ನಿಂತ. ಎಪ್ಪತ್ತರ ಹತ್ತಿರದ, ಬಿಸಿಲಿಗೆ ಸುಕ್ಕುಗಟ್ಟಿದ ಕತ್ತಿನ ಮನುಷ್ಯ.

"ನೋರಿ."

"ಆರ್ಚಿ."

"ಗೇಟು ಮುಚ್ಚಿತ್ತಾ?"

"ಮುಚ್ಚಿತ್ತು. ನಾನು ತೆಗೆದೆ. ತಪ್ಪಾಗಿದ್ರೆ ಹೇಳು."

"ಯಾರು ಮುಚ್ಚಿದ್ದು?"

ಬೆರಿಲ್ ಬಾಯಿ ತೆರೆದಳು. ನೊರೀನ್ ತಿರುಗಿ ನೋಡಲಿಲ್ಲ, ಹಿಂದಕ್ಕೆ ಕೈ ಚಾಚಿ ಅವಳ ಮೊಣಕೈ ಹಿಡಿದಳು, ಅಷ್ಟೆ. ಬೆರಿಲ್ ಮಡಿಲಲ್ಲಿದ್ದ ಡಬ್ಬಿಯಿಂದ ಒಂದು ಬಿಸ್ಕತ್ತು ತೆಗೆದು ಇಡಿಯಾಗಿ ಬಾಯಿಗೆ ತುರುಕಿಕೊಂಡಳು.

"ಅದನ್ನ ಆಮೇಲೆ ಹೇಳ್ತೀನಿ," ಎಂದಳು ನೊರೀನ್. "ಮೊದಲು ನಿನ್ನನ್ನ ಒಂದು ಪ್ರಶ್ನೆ ಕೇಳ್ಬೇಕು. ಎಲ್ರಿಗೂ ಕೇಳಿದ್ದೇ. ನೀನು ಏನು ಹೇಳಿದ್ರೂ ಬರ್ಕೊಂಡು ಹೋಗ್ತೀನಿ. ವಾದ ಮಾಡಲ್ಲ."

"ನೀನು? ವಾದ ಮಾಡಲ್ಲ?" ಆರ್ಚಿ ನಾಯಿಯತ್ತ ತಿರುಗಿ, "ಕೇಳಿಸ್ಕೊಂಡ್ಯೇನೋ?" ಎಂದ.

ಅವಳು ನಗಲಿಲ್ಲ. ಬಿಸಿಲಿನಲ್ಲಿ ನೆಟ್ಟಗೆ ನಿಂತು, ತರಗತಿಯಲ್ಲಿ ಪದ್ಯ ಓದುವ ಹಾಗೆ, ಒಂದು ಶಬ್ದ ಹೆಚ್ಚಿಲ್ಲದೆ ಕಡಿಮೆಯಿಲ್ಲದೆ ಪ್ರಶ್ನೆ ಕೇಳಿದಳು. ಗಾಳಿಯಂತ್ರ ಒಂದು ಸುತ್ತು ತಿರುಗಿ ನಿಂತಿತು. ಅವಳ ನಾಲಿಗೆಯ ತುದಿಗೆ ಎಷ್ಟೋ ಮಾತುಗಳು ಬಂದವು: ಬಿಳಿ ಗಾಡಿ, ಗೇಟು, ಅಪ್ಪ, ತೊರೆ. ಒಂದನ್ನೂ ಅವಳು ಹೊರಗೆ ಬಿಡಲಿಲ್ಲ.

"ಇಷ್ಟು ದಿನ ಎಲ್ಲಿ ಹೋಗಿದ್ರಿ?" ಎಂದ ಆರ್ಚಿ.

"ಏನು?"

"ಈ ಪ್ರಶ್ನೆ ಇಟ್ಕೊಂಡು. ಪಾಸ್ಕೋ ಮನೆಗೆ ಹೋದ್ರಿ, ಆ ಕುಡುಕ ಹರ್ಲಿ ಮನೆಗೂ ಹೋದ್ರಿ. ಅವನಿಗೆ ತನ್ನ ರಸ್ತೆ ಯಾವ್ದು ಅಂತ್ಲೇ ಗೊತ್ತಿರಲ್ಲ. ಅಂಗಡೀಗೆ ನಾನು ಕಾಲಿಟ್ರೆ ಸಾಕು, ಎಲ್ರೂ ಒಟ್ಟಿಗೇ ಮಳೆ ಬಗ್ಗೆ ಮಾತಾಡೋಕೆ ಶುರು ಮಾಡ್ತಾರೆ. ಇಷ್ಟೊಂದು ಮಳೆ ಮಾತು ಕೇಳಿ ನಂಗೆ ನೆಗಡಿ ಬಂತು."

ಬಿಸ್ಕತ್ತು ತುಂಬಿದ ಬಾಯಿಯಿಂದ ಬೆರಿಲ್ ಹೇಗೋ ಹೇಳಿದಳು: "ನೀನು ಸಹಿ ಹಾಕಿದ್ದೀಯಾ ಅಂತ…"

"ಅಂತ ಯಾರು ಹೇಳಿದ್ರು?"

ಯಾರೂ ಹೇಳಿರಲಿಲ್ಲ. ಬೆರಿಲ್ ಡಬ್ಬಿಯ ಮುಚ್ಚಳ ಹುಡುಕತೊಡಗಿದಳು.

"ಆ ಬ್ರೆಂಟ್ ಬರ್ತಾನೆ," ಎಂದ ಆರ್ಚಿ. "ಚಹಾ ಕೊಡ್ತೀನಿ. ಮನೆಗೆ ಬಂದವರಿಗೆ ಚಹಾ ಕೊಡ್ಬೇಡ ಅಂತ ನಮ್ಮಮ್ಮ ಹೇಳ್ಕೊಟ್ಟಿಲ್ಲ. ಆಗಲ್ಲಪ್ಪಾ ಅಂತೀನಿ. ನಕ್ಷೆ ಮಡಚಿಟ್ಕೊಂಡು ಕ್ರಿಕೆಟ್ ಮಾತಾಡ್ತಾನೆ. ಮುಂದಿನ ತಿಂಗಳು ಮತ್ತೆ ಬರ್ತಾನೆ, ಮತ್ತೆ ಆಗಲ್ಲ ಅಂತೀನಿ." ಅವನು ನೆಲ ನೋಡಿದ. "ಬೇರೆ ಯಾರೂ ಬರ್ತಿರ್ಲಿಲ್ವಲ್ಲ, ನೋರಿ. ಭಾನುವಾರ ಬಹಳ ಉದ್ದ."

ನೊರೀನ್‌ಗೆ ಕಣ್ಣು ಮಂಜಾಯಿತು. ಆದರೆ ಬರೆದುಕೊಳ್ಳಲು ತಂದ ಹಲಗೆಯ ಮೇಲಿನ ಹಾಳೆ ಖಾಲಿಯೇ ಇತ್ತು, ಪೆನ್ನು ಕೈಯಲ್ಲೇ ಇತ್ತು. ಅಣ್ಣ ಎಂದು ಅವನ ಪರವಾಗಿ ತಾನೇ ಬರೆದುಕೊಳ್ಳುವ ಹಾಗಿಲ್ಲ.

"ಇದು ಉತ್ತರ ಅಲ್ಲ, ಆರ್ಚಿ," ಎಂದಳು. "ಹೌದು, ಬೇಡ, ಗೊತ್ತಿಲ್ಲ. ಮೂರರಲ್ಲಿ ಒಂದು ಹೇಳು."

ಅವನು ಅವಳನ್ನು ದೀರ್ಘವಾಗಿ ನೋಡಿದ. ಮೂಗಿನ ಪಕ್ಕದಲ್ಲಿ ಅಪ್ಪನದ್ದೇ ಆದ ಒಂದು ಗೆರೆ ಮೂಡಿತು. ಅಪ್ಪ ಮಕ್ಕಳನ್ನು ಎಂದೂ ಹೊಗಳಿದವರಲ್ಲ. ತೀರಾ ಮೆಚ್ಚಿದಾಗ ಮಾತ್ರ ಆ ಗೆರೆ ಕಾಣುತ್ತಿತ್ತು.

"ಹೌದು," ಎಂದ ಆರ್ಚಿ. "ದಪ್ಪಕ್ಷರದಲ್ಲಿ ಬರಿ."

ಅವಳು ಬರೆದಳು. ಪೆನ್ನು ಜೇಬಿಗಿಟ್ಟ ಮೇಲೆ ಹೇಳಿದಳು: "ಗೇಟು ಮುಚ್ಚಿದ್ದು ಬ್ರೆಂಟ್."

"ಗೊತ್ತು. ಟೈರಿನ ಗುರುತು ನೋಡಿದೆ. ಎರಡು ಸಲ ಹೇಳಿದ್ದೆ, ಆದ್ರೂ ಮುಚ್ಚಿ ಹೋಗ್ತಾನೆ. ಎಲ್ಲೋ ಪಟ್ಟಣದಲ್ಲಿ ಯಾರೋ ಅವನಿಗೆ ಗೇಟು ಮುಚ್ಚೋದೇ ಮರ್ಯಾದೆ ಅಂತ ಕಲಿಸಿದ್ದಾರೆ. ಪಾಪ, ಮನಸ್ಸು ಕೆಟ್ಟದ್ದಲ್ಲ." ಅವನು ಬೈಕಿನ ಕಡೆ ನಡೆದು, ತಿರುಗಿ ನಿಂತ. "ಅದಕ್ಕೋಸ್ಕರ ಹೌದು ಅಂದಿದ್ದಲ್ಲ, ತಿಳ್ಕೋ."

"ತಿಳ್ಕೊಂಡೆ."

"ಮೊದಲೇ ಹೇಳಿದ್ದಿದ್ರೆ, ನನ್ನನ್ನ ಎತ್ತಿಕಟ್ಟೋಕೆ ಬಂದಿದ್ದೀಯ ಅಂತ ನಿನ್ಮೇಲೆ ಸಿಟ್ಟು ಬಂದು 'ಬೇಡ' ಅಂದ್ಬಿಡ್ತಿದ್ನೋ ಏನೋ. ನಿಂಗೊತ್ತಲ್ಲ ನನ್ನ ಬುದ್ಧಿ."

"ನನ್ನ ಅರವತ್ತು ವರ್ಷದ ಕಷ್ಟ ಅದೇ," ಎಂದಳು ನೊರೀನ್. ಆಗ ಬೆರಿಲ್‌ಗೆ ನಗು ತಡೆಯಲಾಗದೆ ಬಿಸ್ಕತ್ತಿನ ಪುಡಿ ಗಾಡಿಯ ಗಾಜಿಗೆಲ್ಲ ಹಾರಿತು.

ಶನಿವಾರ ಸಭಾಭವನದಲ್ಲಿ ನಿಲ್ಲಲು ಜಾಗವಿರಲಿಲ್ಲ. ಒಂದೊಂದು ರಸ್ತೆಯವರೂ ಎದ್ದು ತಮ್ಮ ಮಾತು ಹೇಳಿದರು. ಟಲ್ಲಬಾ ರಸ್ತೆಯ ಸರದಿ ಬಂದಾಗ ನೊರೀನ್ ಎದ್ದಳು. ಬರೆದು ತಂದ ಭಾಷಣ ಚೀಲದಲ್ಲೇ ಉಳಿಯಿತು. "ಎಲ್ಲ ಮನೆಗಳನ್ನೂ ಕೇಳಿದೆವು," ಎಂದಳು. "ಎಲ್ಲ ಮನೆಗಳೂ ಹೌದು ಅಂದವು." ಹಿಂದಿನ ಬಾಗಿಲ ಬಳಿ, ಒಗೆದ ಅಂಗಿ ತೊಟ್ಟು, ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ ಆರ್ಚಿಯ ಸುತ್ತ ಯಾರೂ ಮಳೆಯ ಬಗ್ಗೆ ಮಾತಾಡಲಿಲ್ಲ. ಕುಡುಕ ಹರ್ಲಿ ಅವನ ಬೆನ್ನಿಗೊಂದು ಗುದ್ದಿ, "ನಮ್ಮ ರಸ್ತೆ!" ಎಂದು ಕೂಗಿದ. ಭವನಕ್ಕೆ ಭವನವೇ ಎದ್ದು ನಿಂತಿತು.

ಬೆರಿಲ್‌ನ ಗಂಡ ಬಳಿದ, 'ಗ್ಯಾಸ್ ಬಾವಿಗಳಿಲ್ಲದ ರಸ್ತೆ' ಎಂಬ ಹಳದಿ ಬೋರ್ಡುಗಳನ್ನು ಜನ ಅಂದೇ ಮನೆಗೆ ಒಯ್ದು ತಂತಮ್ಮ ಬೇಲಿಗೆ ಕಟ್ಟಿದರು. ಮರುದಿನ ನೊರೀನ್ ಹುರಿದ ಕುರಿಮಾಂಸ, ಕುಂಬಳಕಾಯಿ ಕಟ್ಟಿಕೊಂಡು ಅಣ್ಣನ ಮನೆಗೆ ಬಂದಾಗ, ಬೆರಿಲ್ ಕೂಡ ಅಂಟಿಕೊಂಡೇ ಬಂದಳು. ಆರ್ಚಿ ತನ್ನ ಬೋರ್ಡನ್ನು ರಸ್ತೆಬದಿಯ ಬೇಲಿಗೆ ಕಟ್ಟಿರಲಿಲ್ಲ. ಒಳಗಿನ ಆ ಗೇಟಿಗೇ ತಂತಿಯಿಂದ ಬಿಗಿದಿದ್ದ. ಗೇಟು ಪೂರ್ತಿ ತೆರೆದು ಬೇಲಿಗೆ ಒರಗಿತ್ತು. ಬೋರ್ಡಿನ ಮುಖ ಹುಲ್ಲುಗಾವಲಿನ ಕಡೆಗಿತ್ತು.

"ಅಲ್ಲಯ್ಯಾ, ಇದನ್ನ ಯಾರು ಓದ್ಬೇಕು?" ಎಂದಳು ಬೆರಿಲ್. "ರಸ್ತೆಯವರಿಗೆ ಬೆನ್ನು ಮಾತ್ರ ಕಾಣ್ಸುತ್ತೆ."

"ಚಳಿಗಾಲಕ್ಕೆ ಗೇಟು ಮುಚ್ತೀನಲ್ಲ. ಆಗ ಓದ್ಲಿ."

ನೊರೀನ್ ಊಟದ ಬುಟ್ಟಿ ಹಿಡಿದು ಅಲ್ಲೇ ನಿಂತಳು. ಬಣ್ಣ ಇನ್ನೂ ಪೂರ್ತಿ ಒಣಗಿರಲಿಲ್ಲ. ಹಿಂಡು ಒಂದೊಂದಾಗಿ ಗೇಟು ದಾಟಿ, ಅವಸರವಿಲ್ಲದೆ, ತೊಟ್ಟಿಯ ಕಡೆಗೆ ಇಳಿಯುತ್ತಿತ್ತು. ಮುಂದಿನ ಮುದಿ ಹಸು ಬೋರ್ಡಿಗೆ ಭುಜ ಉಜ್ಜಿಕೊಂಡೇ ಹೋಗಿರಬೇಕು. ಆ ಕಪ್ಪು ಮೈಗಳ ನಡುವೆ ಒಂದು ಹಳದಿ ಗೆರೆ, ದೂರ ದೂರಕ್ಕೂ ಕಾಣುವಂತೆ, ನೀರಿನತ್ತ ನಡೆದು ಹೋಗುತ್ತಿತ್ತು.