ಸ್ಪ್ಯಾನಿಷ್‌ನಲ್ಲಿ ಊಟ ವಿಚಾರಿಸಿದ್ದು

ಪರದೇಶದ ಮಕ್ಕಳ ಬೇಸಿಗೆ ಶಿಬಿರಕ್ಕೆ ಸ್ವಯಂಸೇವಕಿಯಾಗಿ ಹೋದರೆ ಸ್ಪ್ಯಾನಿಷ್ ತಾನಾಗಿ ಬಾಯಿಗೆ ಬರುತ್ತದೆ ಎಂದು ನನ್ನನ್ನು ಹುರಿದುಂಬಿಸಿದವಳು ಅಕ್ಕ. ನೆಟ್ಟಗೆ ಬಂದದ್ದು ಒಂದೇ ಪ್ರಶ್ನೆ: "ಊಟ ಆಯ್ತಾ?" ಎದುರು ಸಿಕ್ಕವರನ್ನು ಮಾತಾಡಿಸಲು ಇನ್ನೇನು ಬೇಕು?

ಆದರೆ ಹಾಗೆ ಕೇಳಿದಾಗಲೆಲ್ಲ ಶಿಬಿರದ ಅಡುಗೆಯವಳು ಸೌಟು ಬದಿಗಿಟ್ಟು, ನನ್ನನ್ನು ಬೆಂಚಿನ ಮೇಲೆ ಕೂರಿಸಿ, ತಟ್ಟೆ ತುಂಬ ಬಡಿಸುತ್ತಿದ್ದಳು. ಈಜು ಕಲಿಸುವವನನ್ನು ಕೇಳಿದೆ. ಅವನು ಗಡಿಯಾರ ನೋಡಿ, ತನ್ನ ಬ್ರೆಡ್ಡು ಮುರಿದು ಅರ್ಧ ನನ್ನ ಕೈಗಿಟ್ಟ. ಇವರಿಗೆಲ್ಲ ಏನಾಗಿದೆ ಎಂದು ನನಗೆ ತಲೆಬುಡ ತಿಳಿಯಲಿಲ್ಲ.

ಅಕ್ಕನಿಗೆ ಫೋನ್ ಮಾಡಿದೆ.

"ಊಟ ಆಯ್ತೇನೇ?" ಎಂದಳು.

"ಮೂರು ಸಲ ಆಯ್ತು. ಯಾಕೆ ಅಂತ ಮಾತ್ರ ಗೊತ್ತಿಲ್ಲ," ಎಂದು ಎಲ್ಲ ಹೇಳಿದೆ.

"ನೀನು ಹಸಿದಿದೀಯ ಅಂದ್ಕೊಂಡಿದಾರೆ, ಪೆದ್ದಿ! ಅಲ್ಲಿ ಸುಮ್‌ಸುಮ್ನೆ ಯಾರು ಹಾಗೆ ಕೇಳ್ತಾರೆ?"

ನಾಚಿಕೆಯಾಗಿ ಆ ಪ್ರಶ್ನೆಯನ್ನೇ ಬಿಟ್ಟೆ. ಮರುದಿನ ಬೆಳಗಿನಿಂದ ಏನೂ ತಿನ್ನದೆ ಮಕ್ಕಳನ್ನು ಗುಡ್ಡ ಹತ್ತಿಸಿ ಇಳಿಸಿದೆ. ಹೊಟ್ಟೆ ತಾಳ ಹಾಕುತ್ತಿತ್ತು. ಅಡುಗೆಮನೆಯ ಬಾಗಿಲಲ್ಲಿ ಅಡುಗೆಯವಳು ತುಂಬಿದ ತಟ್ಟೆ ಹಿಡಿದು ನಿಂತಿದ್ದಳು. ನನ್ನ ಪ್ರಶ್ನೆಯನ್ನು ನನಗೇ ಕೇಳಿದಳು: "ಊಟ ಆಯ್ತಾ?"

ಹುಟ್ಟಿದಾಗಿನಿಂದ ಈ ಪ್ರಶ್ನೆಗೆ ನಾನು ಕೊಟ್ಟಿರುವುದು ಒಂದೇ ಉತ್ತರ.

"ಆಯ್ತು, ನಿಮ್ದು?" ಎಂದುಬಿಟ್ಟೆ, ಅದೂ ಒಂದೂ ತಪ್ಪಿಲ್ಲದ ಸ್ಪ್ಯಾನಿಷ್‌ನಲ್ಲಿ.

"ಇನ್ನೂ ಇಲ್ಲ," ಎಂದಳು ಅವಳು. ನನ್ನೆದುರೇ ಬೆಂಚಿನ ಮೇಲೆ ಕೂತು, ಆ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಊಟ ಶುರುಮಾಡಿದಳು.